ಟ್ರ್ಯಾಕ್ ಡೇಗೆ ಸೆಕೆಂಡ್ ಹ್ಯಾಂಡ್ ಕನ್ವರ್ಟಿಬಲ್: ಮೈಸೂರು, ಮಂಡ್ಯದವರು ಆರಿಸೋದು ಹೇಗೆ

ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕಲ್ಲಿ ನಮ್ಮದೇ ಕಾರು ಓಡಿಸೋ ದಿನಕ್ಕೆ, ಸೆಕೆಂಡ್ ಹ್ಯಾಂಡ್ ಕನ್ವರ್ಟಿಬಲ್ (ಟಾಪ್ ತೆಗೆಯುವ ಕಾರು) ಹುಡುಕುವವರು ಮೊದಲು ಕೇಳೋದು ಎಷ್ಟು ಹಾರ್ಸ್ ಪವರ್ ಅಂತ. ಎರಡನೇದು ಬಣ್ಣ. ನನ್ನ ಕೇಳಿದರೆ ಇವೆರಡೂ ಕೊನೆಗೆ ಕೇಳಬೇಕಾದವು. ಮೊದಲು ಕೇಳಬೇಕಾದ್ದು ಇಷ್ಟೇ: ಈ ಕಾರನ್ನು ಮನೆಯಿಂದ ಟ್ರ್ಯಾಕಿಗೆ ಓಡಿಸಿಕೊಂಡು ಹೋಗಿ, ಅಲ್ಲಿ ದಿನವೆಲ್ಲ ಸುತ್ತು ಹೊಡೆದು, ಅದರಲ್ಲೇ ಮನೆಗೆ ವಾಪಸ್ ಬರೋಕ್ಕಾಗುತ್ತಾ? ಆಗಲ್ಲ ಅಂದರೆ ಅದು ಎಷ್ಟೇ ಚೆಂದ ಇರಲಿ, ನಮಗಲ್ಲ.

ಯಾಕಂದರೆ ಮೈಸೂರಲ್ಲಾಗಲಿ ಮಂಡ್ಯದಲ್ಲಾಗಲಿ ಕಾರಿನ ಟ್ರ್ಯಾಕ್ ಇಲ್ಲ. ನಮ್ಮಲ್ಲಿರೋ ರೇಸ್ ಕೋರ್ಸ್ ಕುದುರೆಗಳದು. ಹತ್ತಿರದ್ದು ಅಂದರೆ ಕೊಯಮತ್ತೂರಿನ ಚೆಟ್ಟಿಪಾಳ್ಯದ ಕರಿ ಮೋಟಾರ್ ಸ್ಪೀಡ್‌ವೇ. ಚಾಮರಾಜನಗರ, ಪುಣಜನೂರು, ದಿಂಬಂ ಘಾಟ್, ಸತ್ಯಮಂಗಲ ದಾಟಿ ಹೋದರೆ 200 ಕಿ.ಮೀ. ಚಿಲ್ಲರೆ. ಇನ್ನೊಂದು ಚೆನ್ನೈಗಿಂತ ಮೊದಲೇ ಸಿಗುವ ಇರುಂಗಾಟ್ಟುಕೋಟೈ ಟ್ರ್ಯಾಕ್, ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತ ಹೆಸರು, ಬೆಂಗಳೂರು ದಾಟಿಕೊಂಡು ಸುಮಾರು 450 ಕಿ.ಮೀ. ಟ್ರಕ್ಕಿನ ಮೇಲೆ ಹೇರಿಸಿಕೊಂಡು ಹೋಗುವಷ್ಟು ದುಡ್ಡು ಇದ್ದವರು ಈ ಲೇಖನ ಓದಬೇಕಾಗಿಲ್ಲ. ಉಳಿದವರಿಗೆ ಕಾರೇ ಲಾರಿ, ಕಾರೇ ರೇಸ್ ಕಾರು.

ಮೊದಲು ಟ್ರ್ಯಾಕ್ ನೋಡಿ, ಆಮೇಲೆ ಕಾರು

ಕರಿ ಟ್ರ್ಯಾಕ್ 2.1 ಕಿ.ಮೀ. ಅಷ್ಟೇ. ರೇಸರ್ ಎಸ್. ಕರಿವರ್ಧನ್ ಅವರ ಹೆಸರಿನದು, 2003ರಲ್ಲಿ ಶುರುವಾದದ್ದು. ಚಿಕ್ಕದು, ತಿರುವು ಬೇಗ ಬೇಗ ಬರುತ್ತವೆ, ದೊಡ್ಡ ಎಂಜಿನ್ ಬಾಯಿ ಬಿಡುವಷ್ಟರಲ್ಲಿ ಬ್ರೇಕ್ ಒತ್ತಬೇಕು. ಅಲ್ಲಿ 300 ಹಾರ್ಸ್ ಪವರ್ ಇಟ್ಟುಕೊಂಡು ಏನು ಮಾಡ್ತೀರಿ? ಅದರಿಂದ ಬ್ರೇಕಿಗೆ ಮಾತ್ರ ಕೆಲಸ ಜಾಸ್ತಿ. ಮದ್ರಾಸ್ ಟ್ರ್ಯಾಕ್ 3.7 ಕಿ.ಮೀ., ವೇಗದ್ದು. ಅಲ್ಲಿ ಎಂಜಿನ್ ಬಿಸಿ, ಟೈರ್ ಬಿಸಿ, ಮೇಲಿಂದ ಆ ಊರಿನ ಸೆಕೆ. ಕೊಯಮತ್ತೂರಿನ ಹತ್ತಿರವೇ 3.8 ಕಿ.ಮೀ. ಉದ್ದದ ಇನ್ನೊಂದು ಹೊಸ ಟ್ರ್ಯಾಕೂ ಬಂದಿದೆ.

ಹಾಗಾಗಿ ಹಗುರ ಕಾರು, ಮಧ್ಯಮ ಎಂಜಿನ್, ಒಳ್ಳೇ ಬ್ರೇಕ್. ಈ ಮೂರು ಸಿಕ್ಕರೆ ವರ್ಷಕ್ಕೆ ಎರಡು ಮೂರು ಸಲ ಹೋಗೋರಿಗೆ ಬೇರೆ ಏನೂ ಬೇಕಿಲ್ಲ. ತೂಕ ಕಡಿಮೆ ಇದ್ದಷ್ಟೂ ಬ್ರೇಕಿನ ಪ್ಯಾಡ್, ಡಿಸ್ಕ್, ಜೊತೆಗೆ ಟೈರ್ ಎಲ್ಲಾ ಉಳಿಯುತ್ತೆ. ಅದೇ ದುಡ್ಡಲ್ಲಿ ವಾಪಸ್ ಬರೋ ಪೆಟ್ರೋಲೂ ಆಗುತ್ತೆ.

ಕಾರು ಹುಡುಕೋದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಟ್ರ್ಯಾಕ್ ಡೇ ನಡೆಸುವವರಿಗೆ ಫೋನ್ ಮಾಡಿ, ಟಾಪ್ ತೆಗೆಯುವ ಕಾರನ್ನು ಒಳಗೆ ಬಿಡ್ತೀರಾ, ಬಿಟ್ಟರೆ ಏನೇನು ಇರಬೇಕು ಅಂತ ಕೇಳಿ. ಎಲ್ಲರ ನಿಯಮವೂ ಒಂದೇ ಥರ ಇರಲ್ಲ. ಕೆಲವರಿಗೆ ಟಾಪ್ ಮುಚ್ಚಿದ್ದರೆ ಸಾಕು, ಕೆಲವರಿಗೆ ಸೀಟಿನ ಹಿಂದೆ ಸ್ಟೀಲ್ ಕಮಾನು ಇರಲೇಬೇಕು, ಇನ್ನು ಕೆಲವರು ಕನ್ವರ್ಟಿಬಲ್ ಅಂದ ತಕ್ಷಣ ಬೇಡ ಅಂತಾರೆ. ಕಾರು ತಗೊಂಡ ಮೇಲೆ ಇದನ್ನು ಕೇಳಿ ಪ್ರಯೋಜನ ಇಲ್ಲ.

ತಲೆ ಮೇಲೆ ಏನಿದೆ

ಕನ್ವರ್ಟಿಬಲ್ ಪಲ್ಟಿ ಹೊಡೆದರೆ ಕಾಪಾಡೋದು ಬಟ್ಟೆ ಟಾಪ್ ಅಲ್ಲ. ಮಡಚುವ ಗಟ್ಟಿ ಟಾಪೂ ಅಲ್ಲ, ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಮೇಲೆ ತಗಡಿದೆ, ಹಾಗಾಗಿ ಭದ್ರ ಅಂದುಕೊಳ್ತಾರೆ. ಕಾಪಾಡೋದು ಎರಡೇ: ಮುಂದಿನ ಗಾಜಿನ ಚೌಕಟ್ಟು ಮತ್ತು ಸೀಟಿನ ಹಿಂದಿನ ಕಮಾನು.

ಎರಡು ಸೀಟಿನ ಕಾರುಗಳಲ್ಲಿ, ಅಂದರೆ ಪೋರ್ಷೆ ಬಾಕ್ಸ್‌ಸ್ಟರ್, ಬಿಎಂಡಬ್ಲ್ಯು ಝೆಡ್4, ಮರ್ಸಿಡಿಸ್ ಎಸ್‌ಎಲ್‌ಕೆ, ಈ ಕಮಾನು ಯಾವಾಗಲೂ ನಿಂತೇ ಇರುತ್ತದೆ. ನಾಲ್ಕು ಸೀಟಿನ ಆಡಿ ಎ3 ಕ್ಯಾಬ್ರಿಯೊಲೆಯಂಥದ್ದರಲ್ಲಿ ಅದು ಹಿಂದಿನ ಸೀಟಿನೊಳಗೆ ಅಡಗಿರುತ್ತದೆ, ಕಾರು ಪಲ್ಟಿಯಾಗುತ್ತಿದೆ ಅಂತ ಸೆನ್ಸರಿಗೆ ಗೊತ್ತಾದಾಗ ಸಿಡಿದು ಮೇಲೆ ಬರುತ್ತದೆ. ರಸ್ತೆಗೆ ಇದು ಸರಿ. ಆದರೆ ಹಳೇ ಕಾರಿನ ಹಳೇ ಸೆನ್ಸರ್ ನಂಬಿಕೊಂಡು ಟ್ರ್ಯಾಕಿಗಿಳಿಯೋದು ನನಗೆ ಇಷ್ಟ ಇಲ್ಲ. ನಿಂತಿರೋ ಕಮಾನೇ ಇರಲಿ.

ಕಾರು ನೋಡಲು ಹೋಗುವಾಗ ಹೆಲ್ಮೆಟ್ ಮತ್ತು ಒಂದು ಉದ್ದ ಕೋಲು ತಗೊಂಡು ಹೋಗಿ. ಮನೇಲಿ ಜೇಡರ ಬಲೆ ಹೊಡೆಯೋ ಕೋಲಾದರೂ ಆದೀತು. ಟಾಪ್ ತೆಗೆಸಿ, ನೀವು ಓಡಿಸುವ ಹಾಗೆಯೇ ಸೀಟು ಹೊಂದಿಸಿ, ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಕೂರಿ. ಜೊತೆಗೆ ಬಂದವರು ಕೋಲಿನ ಒಂದು ತುದಿಯನ್ನು ಹಿಂದಿನ ಕಮಾನಿನ ಮೇಲೆ, ಇನ್ನೊಂದು ತುದಿಯನ್ನು ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಇಡಲಿ. ಹೆಲ್ಮೆಟ್ ಕೋಲಿಗೆ ತಾಗಬಾರದು. ಎರಡು ಇಂಚು ಅಂತರ ಇದ್ದರೆ ನೆಮ್ಮದಿ. ತಾಗಿದರೆ ಸೀಟು ಇನ್ನೂ ಕೆಳಗೆ ಇಳಿಯುತ್ತಾ ನೋಡಿ, ಇಳಿಯಲ್ಲ ಅಂದರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ. ಆರಡಿ ಮೇಲಿರುವವರಿಗೆ ಈ ಪರೀಕ್ಷೆಯಲ್ಲೇ ಅರ್ಧ ಕಾರುಗಳು ಪಟ್ಟಿಯಿಂದ ಹೋಗುತ್ತವೆ. ಮಾರುವವರು ನಿಮ್ಮನ್ನು ವಿಚಿತ್ರವಾಗಿ ನೋಡ್ತಾರೆ, ನೋಡಲಿ ಬಿಡಿ.

ಹೊರಗಿಂದ ತಂದು ಕಮಾನು (ರೋಲ್ ಬಾರ್) ಕೂರಿಸ್ತೀನಿ ಅನ್ನುವವರಿಗೆ ಎರಡು ಮಾತು. ಕಂಪನಿಯ ಮೂಲ ರಚನೆ ಬದಲಾಗುವಂಥ ಮಾರ್ಪಾಡು ಮಾಡುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಆರ್‌ಟಿಒ ಕಡೆಯಿಂದ ತಲೆನೋವು ಬರಬಹುದು. ಎರಡನೇದು, ಟ್ರ್ಯಾಕಲ್ಲಿ ಹೆಲ್ಮೆಟ್ ಇರುತ್ತೆ, ರಸ್ತೆಯಲ್ಲಿ ಇರಲ್ಲ. ತಲೆಯ ಹಿಂದೆ ಬರೀ ಕಬ್ಬಿಣ ಇಟ್ಟುಕೊಂಡು ದಿನಾ ಓಡಾಡೋದು ಸಣ್ಣ ಆಕ್ಸಿಡೆಂಟಲ್ಲೂ ಅಪಾಯ. ಕಂಪನಿಯವರೇ ಕೊಟ್ಟ ಕಮಾನು ಇರೋ ಕಾರು ಆರಿಸಿದರೆ ಈ ಎರಡೂ ಇಲ್ಲ.

ಯಾವ ಯಾವ ಕಾರು

ಹೊರದೇಶದವರ ವಿಡಿಯೊ ನೋಡಿದರೆ ಎಲ್ಲರೂ ಹೇಳೋದು ಒಂದೇ ಹೆಸರು, ಮಾಜ್ದಾ ಎಂಎಕ್ಸ್-5. ಹಗುರ, ಅಗ್ಗ, ಗಟ್ಟಿ, ಎಲ್ಲಾ ನಿಜ. ಆದರೆ ಕಂಪನಿ ಅದನ್ನು ಇಲ್ಲಿ ಮಾರಲೇ ಇಲ್ಲ. ಹಳೇ ಕಾರು ಹೊರಗಿಂದ ತರೋಣ ಅಂದರೆ ಸುಂಕ, ನಿಯಮ ಎರಡೂ ಬಿಗಿ. ಮರೆತುಬಿಡಿ. ಥಾರ್, ಜಿಪ್ಸಿ ಟಾಪ್ ತೆಗೆದರೆ ಕನ್ವರ್ಟಿಬಲ್ಲೇ ಅಲ್ವಾ ಅಂತ ಕೇಳುವವರಿದ್ದಾರೆ. ಅವುಗಳ ಎತ್ತರಕ್ಕೆ ಟ್ರ್ಯಾಕಿನ ತಿರುವು ಸರಿ ಹೋಗಲ್ಲ. ಗೋವಾದಲ್ಲಿ ತಯಾರಾಗ್ತಿದ್ದ ಪುಟ್ಟ ಸ್ಯಾನ್ ಸ್ಟಾರ್ಮ್ ಎಲ್ಲಾದರೂ ಸಿಕ್ಕರೆ ಪ್ರೀತಿಗೆ ತಗೊಳ್ಳಿ, ಟ್ರ್ಯಾಕಿಗೆ ಬೇಡ.

ಉಳಿಯೋದು ಮುಖ್ಯವಾಗಿ ಮೂರು.

ಬಾಕ್ಸ್‌ಸ್ಟರ್ ನನ್ನ ಮೊದಲ ಆಯ್ಕೆ. ಎಂಜಿನ್ ಸೀಟಿನ ಹಿಂದೆಯೇ, ನಡುವಲ್ಲಿ ಕೂತಿರುತ್ತದೆ. ಹಳೇ ತಲೆಮಾರುಗಳಾದ 986 (1996ರಿಂದ 2004) ಮತ್ತು 987 (2012ರ ತನಕ) 1300 ಕೆ.ಜಿ. ಆಸುಪಾಸು ತೂಗುತ್ತವೆ. ಡಿಕ್ಕಿ ಎರಡು, ಮುಂದೊಂದು ಹಿಂದೊಂದು. ಹೆಲ್ಮೆಟ್, ಜಾಕ್, ಎಣ್ಣೆ ಡಬ್ಬಿ, ಎರಡು ಜೊತೆ ಬಟ್ಟೆ ಎಲ್ಲಾ ಹಿಡಿಸುತ್ತೆ. ಆದರೆ ಒಂದು ದೊಡ್ಡ ವಿಷಯ ತಿಳಿದುಕೊಂಡೇ ಹೋಗಬೇಕು. 2008ರ ಮಾಡೆಲ್ ತನಕದ ಎಂಜಿನ್‌ಗಳಲ್ಲಿ ಒಳಗೆ ಇಂಟರ್‌ಮೀಡಿಯೆಟ್ ಶಾಫ್ಟ್ ಅಂತ ಒಂದಿದೆ, ಅದರ ಬೇರಿಂಗ್ ಹೋದರೆ ಎಂಜಿನ್ನೇ ಹೋದ ಹಾಗೆ. ಎಲ್ಲಾ ಕಾರಲ್ಲೂ ಹೋಗುತ್ತೆ ಅಂತಲ್ಲ, ಹೋಗದೇ ಓಡುತ್ತಿರುವುದೇ ಜಾಸ್ತಿ. ಹೋದಾಗ ಮಾತ್ರ ಕಾರಿನ ಬೆಲೆಯ ದೊಡ್ಡ ಪಾಲು ರಿಪೇರಿಗೇ ಹೋಗುತ್ತದೆ. 986ರಲ್ಲಿ ಗೇರ್‌ಬಾಕ್ಸ್ ಇಳಿಸಿ ಬೇರಿಂಗ್ ಬದಲಿಸಬಹುದು. 2006ರಿಂದ 2008ರ ಕಾರುಗಳಲ್ಲಿ ಬೇರಿಂಗ್ ದೊಡ್ಡದು, ಕೆಡೋದು ಕಡಿಮೆ, ಆದರೆ ಬದಲಿಸಬೇಕು ಅಂದರೆ ಎಂಜಿನ್ ಪೂರ್ತಿ ಬಿಚ್ಚಬೇಕು. 2009ರ ಮಾಡೆಲ್‌ನಿಂದ ಹೊಸ ಎಂಜಿನ್ ಬಂತು, ಅದರಲ್ಲಿ ಈ ಬೇರಿಂಗೇ ಇಲ್ಲ. ದುಡ್ಡು ಎಟುಕಿದರೆ 2009ರಿಂದ 2012ರ 987 ಹುಡುಕಿ. ನನ್ನ ಕೇಳಿದರೆ ನಮ್ಮ ಕೆಲಸಕ್ಕೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಝೆಡ್4 ನಮ್ಮ ಕಡೆ ಜಾಸ್ತಿ ಕಣ್ಣಿಗೆ ಬೀಳೋದು ಇ89, ಅಂದರೆ 2009ರಿಂದ 2016ರ ತನಕದ್ದು. ಮಡಚುವ ಗಟ್ಟಿ ಟಾಪ್. ನೋಡೋಕೆ ಚೆಂದ, ಊರೊಳಗೆ ಆರಾಮ, ಆದರೆ ತೂಕ ಸುಮಾರು 1500 ಕೆ.ಜಿ. ಟಾಪ್ ತೆಗೆದರೆ ಡಿಕ್ಕಿ ಇಲ್ಲ ಅನ್ನೋ ಹಾಗೆ. ಟರ್ಬೊ ಇಲ್ಲದ ಆರು ಸಿಲಿಂಡರ್ ಸಿಕ್ಕರೆ ಕಣ್ಣು ಮುಚ್ಚಿ ಅಲ್ಲದಿದ್ದರೂ ಧೈರ್ಯವಾಗಿ ನೋಡಬಹುದು. 35ಐ ಅನ್ನೋ ಎರಡು ಟರ್ಬೊದ್ದು ಬಹಳ ಜೋರು. ಜೊತೆಗೆ ಹೈ ಪ್ರೆಷರ್ ಫ್ಯೂಯೆಲ್ ಪಂಪ್, ಎಲೆಕ್ಟ್ರಿಕ್ ವಾಟರ್ ಪಂಪ್, ಟರ್ಬೊದ ಗಲಗಲ ಸದ್ದು ಎಲ್ಲಾ ಬರುತ್ತೆ. ವಾಟರ್ ಪಂಪ್ ಮುನ್ಸೂಚನೆ ಕೊಡದೇ ನಿಲ್ಲುತ್ತೆ, ದಿಂಬಂ ಘಾಟಲ್ಲಿ ನಿಂತರೆ ಏನು ಗತಿ ಯೋಚನೆ ಮಾಡಿ. ನಾಲ್ಕು ಸಿಲಿಂಡರ್ ಟರ್ಬೊದಲ್ಲಿ, ಅಂದರೆ ಎನ್20 ಎಂಜಿನ್‌ನಲ್ಲಿ, ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡ್ ಸವೆಯುವ ಕಾಯಿಲೆ ಇತ್ತು. 2015ಕ್ಕಿಂತ ಹಿಂದಿನದಾದರೆ ಚೈನಿನ ಕೆಲಸ ಆಗಿದೆಯಾ ಅಂತ ಬಿಲ್ ನೋಡಿ.

ಎಸ್‌ಎಲ್‌ಕೆ ಗಟ್ಟಿ ಕಾರು, ಆದರೆ ಸ್ವಭಾವ ಆರಾಮದ್ದು. ಟ್ರ್ಯಾಕಿಗಿಂತ ಊಟಿಗೆ ಸರಿ. ಅಗ್ಗಕ್ಕೆ, ಒಳ್ಳೇ ಸ್ಥಿತಿಯಲ್ಲಿ, ಒಬ್ಬರೇ ಓನರ್ ಕೈಯಿಂದ ಸಿಕ್ಕರೆ ಬಿಡಬೇಡಿ. ಆರು ಸಿಲಿಂಡರಿನ 350 ಆದರೆ, 2006ರ ಹೊತ್ತಿನ ಎಂಜಿನ್‌ಗಳಲ್ಲಿ ಬ್ಯಾಲೆನ್ಸ್ ಶಾಫ್ಟ್ ಗೇರ್ ಸವೆಯುತ್ತಿತ್ತು, ಅದನ್ನು ವಿಚಾರಿಸಿ.

ಈ ಮೂರು ಬಿಟ್ಟರೆ ಮಿನಿ ಕೂಪರ್ ಕನ್ವರ್ಟಿಬಲ್ ಖುಷಿಯ ಕಾರು. ಮುಂದಿನ ಚಕ್ರ ಎಳೆಯೋದು, ನಾಲ್ಕು ಸೀಟು. ಟ್ರ್ಯಾಕ್ ಡೇ ಆಸೆ ಸ್ವಲ್ಪ, ಮನೆಯವರನ್ನು ಕರೆದುಕೊಂಡು ಹೋಗೋದು ಜಾಸ್ತಿ ಅನ್ನುವವರಿಗೆ ಸರಿ.

ದುಡ್ಡು ಹಂಚೋದು

ಕೈಲಿರೋದನ್ನೆಲ್ಲ ಕಾರಿಗೆ ಸುರೀಬೇಡಿ. ಮುಕ್ಕಾಲು ಕಾರಿಗೆ, ಕಾಲು ಭಾಗ ಬ್ಯಾಂಕಲ್ಲೇ ಇರಲಿ. ಈ ಕಾರುಗಳು ಹಳೆಯದಾದಂತೆ ಅಗ್ಗವಾಗುತ್ತವೆ, ಅವುಗಳ ಪಾರ್ಟು ಅಗ್ಗವಾಗಲ್ಲ. ಎಪ್ಪತ್ತು ಲಕ್ಷದ ಕಾರು ಇಪ್ಪತ್ತಕ್ಕೆ ಸಿಕ್ಕಿತು ಅಂದುಕೊಳ್ಳಿ, ಅದರ ಡಿಸ್ಕು ಈಗಲೂ ಎಪ್ಪತ್ತು ಲಕ್ಷದ ಕಾರಿನ ಡಿಸ್ಕೇ. ನಾಲ್ಕು ಟೈರ್, ಪ್ಯಾಡು, ಎಲ್ಲಾ ಎಣ್ಣೆ, ಬ್ಯಾಟರಿ, ಎರಡು ಮೂರು ಬುಷ್ (ಸಸ್ಪೆನ್ಷನ್ನಿನ ರಬ್ಬರ್), ಇವು ಮೊದಲ ತಿಂಗಳೇ ಬರುವ ಖರ್ಚು ಅಂತ ಲೆಕ್ಕ ಹಾಕಿ.

ಕಾಗದ ಪತ್ರ

ಇಲ್ಲಿ ಜಾರುವವರೇ ಜಾಸ್ತಿ. ಮೈಸೂರಿನ ಕೆಎ 09, ಕೆಎ 55, ಮಂಡ್ಯದ ಕೆಎ 11 ನಂಬರಿನ ಕನ್ವರ್ಟಿಬಲ್ ಸಿಗೋದು ಅಪರೂಪ. ಬೆಂಗಳೂರಿನದು ಸಿಕ್ಕರೆ ಅದೃಷ್ಟ. ಹೆಚ್ಚಾಗಿ ಕಾಣೋದು ದೆಹಲಿ, ಮುಂಬೈ, ಕೊಚ್ಚಿಯವು. ದೆಹಲಿಯಲ್ಲಿ ಹಳೇ ಪೆಟ್ರೋಲ್ ಕಾರಿಗೆ ವಯಸ್ಸಿನ ನಿರ್ಬಂಧ ಇರೋದರಿಂದ ಅಲ್ಲಿಯ ಹಳೇ ಕಾರು ಅಗ್ಗ. ಅಗ್ಗ ಅಂತ ಓಡಬೇಡಿ, ಲೆಕ್ಕ ಹಾಕಿ. ಬೇರೆ ರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಮಾಡಿಸಬೇಕು, ಲೈಫ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದ ದರ ಶೇ. 18, ಮೇಲೆ ಸೆಸ್. ಅದು ನೀವು ಕೊಟ್ಟ ಬೆಲೆ ಮೇಲೆ ಅಲ್ಲ, ಕಾರಿನ ಹೊಸದರ ಬೆಲೆ ಮೇಲೆ ಲೆಕ್ಕ. ವಯಸ್ಸಿಗೆ ತಕ್ಕ ಹಾಗೆ ಕಡಿತ ಇದೆ, ಆದರೂ ಮೊತ್ತ ಕೇಳಿದರೆ ಬೆವರುತ್ತೆ. ಆರ್‌ಟಿಒ ಆಫೀಸಿಗೇ ಹೋಗಿ ಆ ಮಾಡೆಲ್, ಆ ವರ್ಷ ಹೇಳಿ ಮೊದಲೇ ಕೇಳಿಕೊಂಡು ಬನ್ನಿ. "ಅದೆಲ್ಲ ನಾವೇ ನೋಡ್ಕೊಳ್ತೀವಿ ಸಾರ್" ಅನ್ನೋ ಡೀಲರ್ ಮಾತು ಬರವಣಿಗೆಯಲ್ಲಿ ಇರಲಿ.

ಎನ್‌ಒಸಿಗೆ (ಕಾರನ್ನು ಬೇರೆ ಕಡೆ ಒಯ್ಯಲು ಹಳೇ ಆರ್‌ಟಿಒ ಕೊಡುವ ಒಪ್ಪಿಗೆ) ಫಾರಂ 28, ವರ್ಗಾವಣೆಗೆ 29 ಮತ್ತು 30, ಸಾಲ ಇದ್ದು ತೀರಿದ್ದರೆ 35. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಕೂತಿದೆಯಾ ನೋಡಿ. ಚಾಸಿ ನಂಬರನ್ನು ಕಾರಿನ ಮೇಲೆಯೇ ಓದಿ ಆರ್‌ಸಿಗೆ ಹೋಲಿಸಿ, ಫೋಟೊ ನೋಡಿ ನಂಬಬೇಡಿ. 15 ವರ್ಷ ಹತ್ತಿರ ಬಂದಿದ್ದರೆ ರಿನ್ಯೂವಲ್ ಖರ್ಚೂ ಸೇರಿಸಿ.

ಇನ್ಶೂರೆನ್ಸ್ ವಿಷಯ ಒಂದೇ ಸಾಲು: ನಮ್ಮ ಮೋಟಾರ್ ಪಾಲಿಸಿಗಳು ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಇಂಥದ್ದನ್ನೆಲ್ಲ ಹೊರಗಿಟ್ಟಿವೆ, ಹಾಗಾಗಿ ಟ್ರ್ಯಾಕಲ್ಲಿ ಕಾರು ಗೋಡೆಗೆ ಹೋದರೆ ಆ ದುಡ್ಡು ನಿಮ್ಮದೇ. ಕಾರು ಪೂರ್ತಿ ಹೋದರೂ ಮನೆ ಖರ್ಚಿಗೆ ತೊಂದರೆ ಆಗಬಾರದು, ಆ ಬೆಲೆಯ ಕಾರನ್ನೇ ತಗೊಳ್ಳಿ.

ಕಾರು ಮುಟ್ಟಿ ನೋಡೋದು

ಹಿಂದಿನ ದಿನವೇ ಹೇಳಿ, ನಾವು ಬರೋ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಏನೋ ಮುಚ್ಚಿಡ್ತಿದ್ದಾರೆ. ಬಾಕ್ಸ್‌ಸ್ಟರ್‌ನಲ್ಲಿ ಎಂಜಿನ್ ಹಿಂದಿದೆ, ಮುಂದೆ ಮುಟ್ಟಿ ಸಮಾಧಾನ ಪಡಬೇಡಿ. ತಣ್ಣಗಿರೋ ಎಂಜಿನ್ ಎಬ್ಬಿಸಿದಾಗ ಚೈನಿನ ಸದ್ದು, ಹೊಗೆ ಎಲ್ಲಾ ಗೊತ್ತಾಗುತ್ತೆ. ಬಾಕ್ಸ್‌ಸ್ಟರ್ ಸಿಲಿಂಡರ್‌ಗಳು ಮಲಗಿರುವುದರಿಂದ ಸ್ಟಾರ್ಟ್ ಆದಾಗ ಒಂದು ಗುಕ್ಕು ಹೊಗೆ ಬರೋದು ಮಾಮೂಲು. ಬಿಡದೇ ಬಂದರೆ ಮಾಮೂಲಲ್ಲ.

ಆಮೇಲೆ ಟಾಪ್. ಎಂಜಿನ್ ಓಡುತ್ತಿರುವಾಗಲೇ ಎರಡು ಮೂರು ಸಲ ತೆಗೆಸಿ, ಮುಚ್ಚಿಸಿ. ಮಧ್ಯೆ ನಿಲ್ಲಬಾರದು, ಒಂದು ಕಡೆ ಮುಂದೆ ಒಂದು ಕಡೆ ಹಿಂದೆ ಬರಬಾರದು, ಪಂಪ್ ನರಳಬಾರದು. ಬಟ್ಟೆ ಟಾಪಿನ ಮಡಿಕೆಗಳಲ್ಲಿ ಬೆರಳಾಡಿಸಿ, ಸವೆದ ಕಡೆ ದಾರ ಕೈಗೆ ಸಿಗುತ್ತೆ. 2002ರ ತನಕದ ಬಾಕ್ಸ್‌ಸ್ಟರ್‌ನಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು, ಬಿಸಿಲಿಗೆ ಮಬ್ಬಾಗಿ ಬಿರುಕು ಬಿಡುತ್ತೆ. 2003ರಿಂದ ಗಾಜು.

ಟಾಪಿಗಿಂತ ಮುಖ್ಯ ಅದರ ಬುಡದ ನೀರಿನ ದಾರಿ. ಎಲ್ಲಾ ಕನ್ವರ್ಟಿಬಲ್‌ನಲ್ಲೂ ಟಾಪ್ ಮಡಚಿಕೊಳ್ಳುವ ಮೂಲೆಗಳಲ್ಲಿ ಮಳೆನೀರು ಹೋಗಲು ಸಣ್ಣ ಪೈಪುಗಳಿರುತ್ತವೆ. ನಮ್ಮ ಮೈಸೂರಿನ ಮರಗಳ ಕೆಳಗೆ ಒಂದು ವರ್ಷ ನಿಲ್ಲಿಸಿದರೆ ಸಾಕು, ಎಲೆ ಪುಡಿ, ಹೂವು, ಧೂಳು ಸೇರಿ ಗೊಬ್ಬರವಾಗಿ ಕಟ್ಟಿಕೊಳ್ಳುತ್ತೆ. ಆಮೇಲೆ ನೀರು ಒಳಗೆ. ಬಾಕ್ಸ್‌ಸ್ಟರ್‌ನಲ್ಲಿ ಅದು ಸೀಟಿನ ಕೆಳಗೆ ಬಂದು ನಿಲ್ಲುತ್ತದೆ. 986ರಲ್ಲಿ ಅಲಾರಂ ಮತ್ತು ಕಳ್ಳತನ ತಡೆಯೋ ಇಮೊಬಿಲೈಸರಿನ ಪೆಟ್ಟಿಗೆ ಇರೋದೂ ಅಲ್ಲೇ. ಅದು ಒದ್ದೆಯಾದರೆ ಕಾರು ಸ್ಟಾರ್ಟೇ ಆಗಲ್ಲ. ಹಳೇ ಇ85 ಝೆಡ್4ನಲ್ಲಿ ಟಾಪ್ ಎತ್ತುವ ಪಂಪಿನ ಮೋಟಾರು ಆ ಪೈಪಿನ ಬುಡದಲ್ಲೇ ಕೂತಿದೆ. ಪೈಪ್ ಕಟ್ಟಿದರೆ ಮೋಟಾರು ನೀರಲ್ಲಿ ಮುಳುಗಿ ಸಾಯುತ್ತದೆ.

ಒಂದು ಲೀಟರ್ ನೀರಿನ ಬಾಟಲಿ ತಗೊಳ್ಳಿ, ಟಾಪ್ ಅರ್ಧ ತೆಗೆಸಿ ನಿಲ್ಲಿಸಿ, ಮೂಲೆಯ ತೂತಿಗೆ ನಿಧಾನವಾಗಿ ಸುರಿಯಿರಿ. ಹಿಂದಿನ ಚಕ್ರದ ಹತ್ತಿರ ನೆಲಕ್ಕೆ ತೊಟ್ಟಿಕ್ಕಬೇಕು. ತೊಟ್ಟಿಕ್ಕಲಿಲ್ಲ, ತೂತಿನಲ್ಲೇ ನೀರು ನಿಂತಿತು ಅಂದರೆ ಸುರಿಯೋದು ನಿಲ್ಲಿಸಿ. ಎರಡೂ ಕಡೆ ಮಾಡಿ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ, ಕೆಳಗಿನ ಫೋಮನ್ನು ಕೈಯಿಂದ ಒತ್ತಿ. ಮೇಲೆ ಒಣಗಿದ್ದು ಒಳಗೆ ಒದ್ದೆ ಇರೋದು ಬಹಳ. ಮೂಗೂ ಉಪಯೋಗಿಸಿ, ಮುಗ್ಗಲು ವಾಸನೆ ಸೆಂಟ್ ಹೊಡೆದರೂ ಹೋಗಲ್ಲ.

ನೆರೆಯಲ್ಲಿ ಮುಳುಗಿದ ಕಾರು ಅನ್ನೋದು ಬೇರೆಯೇ ಕಥೆ. ಈ ಕಾರುಗಳು ನೆಲಕ್ಕೆ ಅಂಟಿಕೊಂಡಿರೋದರಿಂದ ಬೇಗ ಮುಳುಗುತ್ತವೆ. 2015ರ ಡಿಸೆಂಬರಿನ ಚೆನ್ನೈ, 2018ರ ಆಗಸ್ಟಿನ ಕೇರಳ, 2022ರ ಸೆಪ್ಟೆಂಬರಿನ ಬೆಂಗಳೂರು, ಈ ಮೂರನ್ನೂ ತಲೆಯಲ್ಲಿಟ್ಟುಕೊಂಡು ಸರ್ವೀಸ್ ಪುಸ್ತಕ ತೆರೆಯಿರಿ. ಆ ಊರಲ್ಲಿ ಆ ಹೊತ್ತಿಗೆ ಕಾರು ಇದ್ದು, ಆಮೇಲೆ ಆರು ತಿಂಗಳು ಲೆಕ್ಕವೇ ಇಲ್ಲ ಅಂದರೆ ಅನುಮಾನ ಪಡಿ. ಸೀಟ್ ಬೆಲ್ಟನ್ನು ಕೊನೇ ತನಕ ಎಳೆದು ನೋಡಿ, ಮಣ್ಣಿನ ಗೆರೆ ಅಲ್ಲಿ ಉಳಿದಿರುತ್ತೆ. ಸೀಟಿನ ಹಳಿ ತುಕ್ಕು ಹಿಡಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಲಿಫ್ಟಿಗೆ ಹತ್ತಿಸದೇ ಅಡ್ವಾನ್ಸ್ ಕೊಡಬೇಡಿ. ಈ ಬ್ರ್ಯಾಂಡಿನ ಕೆಲಸ ಗೊತ್ತಿರೋ ಮೆಕ್ಯಾನಿಕ್ ಬೆಂಗಳೂರಿಂದ ಬರಬೇಕಾದರೂ ಸರಿ, ಅವರ ದಿನದ ಕೂಲಿ ಕೊಟ್ಟು ಕರೆಸಿ. ಕೆಳಗಿಂದ ನೋಡಬೇಕಾದ್ದು: ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಎಣ್ಣೆ, ಚಕ್ರ ಹಿಡಿದಿರೋ ಕಂಟ್ರೋಲ್ ಆರ್ಮಿನ ರಬ್ಬರ್ ಬುಷ್ ಬಿರುಕು, ಶಾಕ್ ಸೋರಿಕೆ, ವೆಲ್ಡ್ ಮಾಡಿದ ಗುರುತು. ರಸ್ತೆಯ ಹಂಪುಗಳಿಗೆ ಉಜ್ಜಿ ಉಜ್ಜಿ ಹೊಟ್ಟೆ ಕೆತ್ತಿಹೋಗಿರೋದು ನಮ್ಮೂರ ಕಾರಿಗೆಲ್ಲ ಇದ್ದದ್ದೇ, ಅದರಲ್ಲಿ ಎಣ್ಣೆ ಸಂಪು, ಪೈಪು ಪೆಟ್ಟು ತಿಂದಿಲ್ಲ ಅಂದರೆ ಸಾಕು. ಬಾಕ್ಸ್‌ಸ್ಟರ್ ಆದರೆ ಮುಂದಿನ ಬಂಪರಿನ ಎರಡೂ ಬಾಯಿಗೆ ಟಾರ್ಚ್ ಹಾಕಿ. ರೇಡಿಯೇಟರ್‌ಗಳು ಅಲ್ಲೇ ಇರೋದು. ಎಲೆ ತುಂಬಿ ಕೊಳೆತು ತಗಡನ್ನೇ ತಿಂದಿರುತ್ತೆ, ಕ್ಲೀನ್ ಮಾಡಲು ಬಂಪರ್ ಬಿಚ್ಚಬೇಕು.

ಬೇರಿಂಗಿನ ಭಯ ಇರೋ ಬಾಕ್ಸ್‌ಸ್ಟರ್ ಆದರೆ ಆಯಿಲ್ ಫಿಲ್ಟರ್ ಬಿಚ್ಚಿಸಿ, ಹೊಸದರ ದುಡ್ಡು ನೀವೇ ಕೊಡಿ. ಹಳೇ ಫಿಲ್ಟರಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆ ಮೇಲೆ ಬಿಡಿಸಿ ಬಿಸಿಲಲ್ಲಿ ಹಿಡಿಯಿರಿ. ಮಿಣುಕು ಮಿಣುಕು ಲೋಹದ ಚೂರು, ಕಪ್ಪು ಪ್ಲಾಸ್ಟಿಕ್ ತುಣುಕು ಕಂಡರೆ ಮಾತುಕತೆ ಅಲ್ಲಿಗೆ ಮುಗೀತು. ಮಾರುವವರು ಇದಕ್ಕೆ ಒಪ್ಪಲಿಲ್ಲ ಅಂದರೂ ಮುಗೀತು.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ಮಾಡಿದ್ದು. ಕಡಿಮೆ ಓಡಿದ ಕಾರಲ್ಲಿ ಬಟನ್ ಹೊಸದರ ಹಾಗಿದ್ದು ರಬ್ಬರ್ ಕಲ್ಲಾಗಿರುತ್ತೆ. ಹಿಂದಿನ ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಬುಷ್. ಬಿಎಂಡಬ್ಲ್ಯುನಲ್ಲಿ ರನ್‌ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ಇದ್ದರೆ ಟ್ರ್ಯಾಕಿಗೆ ಮಾಮೂಲಿ ಟೈರೇ ವಾಸಿ, ಆದರೆ ಸ್ಟೆಪ್ನಿ ಇಲ್ಲ ಅನ್ನೋದು ನೆನಪಿರಲಿ, ಪಂಕ್ಚರ್ ಕಿಟ್ಟು, ಕಂಪ್ರೆಸರ್ ಇಟ್ಟುಕೊಳ್ಳಿ.

ಕೊನೆಗೆ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿಸಿ. ದೋಷದ ಕೋಡ್ ಏನೂ ಇಲ್ಲ, ಎಲ್ಲಾ ಕ್ಲೀನ್ ಅಂದರೆ ಯಾವಾಗ ಅಳಿಸಿದರು ಅಂತ ಕೇಳಿ. ಮ್ಯಾನುಯಲ್ ಬಾಕ್ಸ್‌ಸ್ಟರ್ ಸಿಕ್ಕಿದರೆ ಎಂಜಿನ್ ಮಿತಿ ಮೀರಿ ತಿರುಗಿದ ದಾಖಲೆಯೂ ಅದರಲ್ಲೇ ಸಿಗುತ್ತೆ.

ಓಡಿಸಿ ನೋಡೋದು

ಚಾಮುಂಡಿ ಬೆಟ್ಟಕ್ಕೆ ಹೋಗಬೇಡಿ. ಜನ, ಬಸ್ಸು, ಮಂಗ, ಅಲ್ಲಿ ಏನೂ ಗೊತ್ತಾಗಲ್ಲ. ಬೆಂಗಳೂರು ದಶಪಥದಲ್ಲೂ 100ರ ಮೇಲೆ ಕ್ಯಾಮೆರಾ ಹಿಡಿಯುತ್ತೆ. ಬೆಳಿಗ್ಗೆ ಬೇಗ ರಿಂಗ್ ರೋಡ್ ಸಾಕು. ಟಾಪ್ ತೆಗೆದು ಹಂಪುಗಳ ಮೇಲೆ ನಿಧಾನವಾಗಿ, ಒಂದು ಚಕ್ರ ಮೊದಲು ಹತ್ತೋ ಹಾಗೆ ಓರೆಯಾಗಿ ದಾಟಿಸಿ. ಒಳಗಿನ ಕನ್ನಡಿ ನಡುಗೋದು, ಬಾಗಿಲ ರಬ್ಬರ್ ಸ್ವಲ್ಪ ಕಿರುಗುಟ್ಟೋದು ಕನ್ವರ್ಟಿಬಲ್‌ಗೆ ಸಹಜ. ಬಾಗಿಲೇ ಕಟಕಟ ಅಂದರೆ, ಎಡಗಡೆ ಒಂದು ಥರ ಬಲಗಡೆ ಇನ್ನೊಂದು ಥರ ಸದ್ದು ಬಂದರೆ, ಯಾವುದೋ ಕಾಲದಲ್ಲಿ ಗುದ್ದಿದೆ.

ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 80ರಿಂದ ಗಟ್ಟಿಯಾಗಿ ಬ್ರೇಕ್ ಒತ್ತಿ. ಸ್ಟೀರಿಂಗ್ ನಡುಗಿದರೆ ಡಿಸ್ಕ್, ಒಂದು ಕಡೆ ಎಳೆದರೆ ಪ್ಯಾಡ್ ಒತ್ತುವ ಕ್ಯಾಲಿಪರ್ ಅಥವಾ ಬುಷ್. ಅರ್ಧ ಗಂಟೆ ಓಡಿಸಿದ ಮೇಲೆ ಎಸಿ ಹಾಕಿ, ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಲ್ಲಿಸಿ ಬಿಸಿಯ ಮುಳ್ಳು ನೋಡಿ. ಮುಳ್ಳು ಅಲ್ಲಾಡಿದರೆ ಟ್ರ್ಯಾಕಲ್ಲಿ ಏನಾಗುತ್ತೆ ಅಂತ ಊಹಿಸಿಕೊಳ್ಳಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಣ್ಣಗಿದ್ದಾಗ, ಬಿಸಿಯಾದಾಗ ಎರಡೂ ಸಲ ಗುದ್ದದೇ ಬದಲಾಗಬೇಕು. ಇಲ್ಲಿ ಸಿಗೋವು ಬಹುಪಾಲು ಆಟೋಮ್ಯಾಟಿಕ್ಕೇ, ಮ್ಯಾನುಯಲ್ಲೇ ಬೇಕು ಅಂತ ಹಠ ಹಿಡಿದರೆ ವರ್ಷಗಟ್ಟಲೆ ಕಾಯಬೇಕು.

ತಗೊಂಡ ಮೇಲೆ, ಟ್ರ್ಯಾಕಿಗೆ ಮುಂಚೆ

ಬ್ರೇಕ್ ಎಣ್ಣೆ ಮೊದಲು. ಅದು ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಕುದ್ದರೆ ಪೈಪಲ್ಲಿ ಗುಳ್ಳೆ, ಪೆಡಲ್ ನೆಲಕ್ಕೆ. ಹಳೇ ಓನರ್ ಬದಲಾಯಿಸಿದ್ದೀನಿ ಅಂದರೂ ಮತ್ತೆ ಬದಲಾಯಿಸಿ. ಆಮೇಲೆ ಟ್ರ್ಯಾಕಿನ ಬಿಸಿ ತಡೆಯೋ ಪ್ಯಾಡು, ಎಂಜಿನ್ ಆಯಿಲ್, ಕೂಲೆಂಟ್. ಈಗ ಪಂಪುಗಳಲ್ಲಿ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಬರೋದರಿಂದ ಹಳೇ ಕಾರಿನ ಫ್ಯೂಯೆಲ್ ಪೈಪಿನ ರಬ್ಬರನ್ನೂ ನೋಡಿಸಿ. ಎಂಜಿನ್ ಪವರ್ ಹೆಚ್ಚಿಸೋ ರೀಮ್ಯಾಪ್, ಸೈಲೆನ್ಸರ್, ಇವುಗಳ ಕಡೆ ತಲೆ ಹಾಕಬೇಡಿ. ಆ ದುಡ್ಡಿಗೆ ಕಲಿಸಿಕೊಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ದಿನ ಓಡಿಸಿ.

ಹೋಗುವಾಗ ದಿಂಬಂ ಇಳಿಜಾರು, 27 ಹೇರ್‌ಪಿನ್. ಗೇರಲ್ಲೇ ಇಳಿಸಿ, ಹೊಸ ಪ್ಯಾಡನ್ನು ಅಲ್ಲೇ ಸುಡಬೇಡಿ. ಟ್ರ್ಯಾಕಲ್ಲಿ ಮೊದಲ ಸುತ್ತು ಬಿಸಿ ಮಾಡೋಕೆ, ಕೊನೇ ಸುತ್ತು ಬ್ರೇಕ್ ಮುಟ್ಟದೇ ತಣ್ಣಗಾಗೋಕೆ. ಒಳಗೆ ಬಂದು ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೀಬೇಡಿ, ಬಿಸಿಯಲ್ಲಿ ಬ್ರೇಕ್ ಅಂಟಿಕೊಳ್ಳಬಹುದು. ಗೇರಲ್ಲಿ, ಆಟೋಮ್ಯಾಟಿಕ್ ಆದರೆ ಪಾರ್ಕಲ್ಲಿ, ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಪ್ರತಿ ಸಲ ಟೈರ್ ಗಾಳಿ, ಆಯಿಲ್ ಮಟ್ಟ ನೋಡಿ. ತಣ್ಣಗಾದ ಮೇಲೆ ವೀಲ್ ಬೋಲ್ಟನ್ನು ಟಾರ್ಕ್ ರೆಂಚ್ ಹಾಕಿಯೇ ಬಿಗಿಯಿರಿ, ಬಾಕ್ಸ್‌ಸ್ಟರ್‌ಗೆ 130 ನ್ಯೂಟನ್ ಮೀಟರ್.

ಸಂಜೆಯೇ ಹೊರಟು ಮನೆ ಸೇರ್ತೀನಿ ಅಂತ ಅವಸರ ಬೇಡ. ಸತ್ಯಮಂಗಲದ ಕಾಡಿನ ರಸ್ತೆಗೆ ರಾತ್ರಿ ನಿರ್ಬಂಧ ಇದೆ, ಬಂಡೀಪುರದ ಕಡೆಯೂ ಅಷ್ಟೇ. ಕೊಯಮತ್ತೂರಲ್ಲೇ ರಾತ್ರಿ ಉಳಿಯಿರಿ. ಬೆಳಿಗ್ಗೆ ಎಲ್ಲಾ ತಣ್ಣಗಿರುವಾಗ ಕೂಲೆಂಟ್ ನೋಡಿ, ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ಪ್ಯಾಡ್ ನೋಡಿ. ವಾಪಸ್ ಬರುವಾಗ ಅದೇ ಘಾಟ್ ಏರು, ಲಾರಿಗಳ ಹಿಂದೆ ತೆವಳಬೇಕು, ಎಂಜಿನ್‌ಗೆ ಅಲ್ಲಿ ಗಾಳಿ ಸಿಗಲ್ಲ. ಪ್ಯಾಡ್ 3 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ, ಕೂಲೆಂಟ್ ಇಳಿದಿದ್ದರೆ, ಕೊಯಮತ್ತೂರಲ್ಲೇ ಕೆಲಸ ಮಾಡಿಸಿಕೊಂಡು ಹೊರಡಿ. ರೇಸಿಂಗಿನ ಊರು ಅದು, ಕೈ ನುರಿತ ಮೆಕ್ಯಾನಿಕ್ ಸಿಗ್ತಾರೆ. ಘಾಟಿನ ಬುಡದ ಬಣ್ಣಾರಿ ದಾಟಿದ ಮೇಲೆ ಚಾಮರಾಜನಗರದ ತನಕ ಈ ಕಾರುಗಳಿಗೆ ಕೈ ಹಾಕುವವರು ಯಾರೂ ಸಿಗಲ್ಲ.